ಕಾಲು ತೋರಿಸಿ

ವಿಡಿಯೋ ಕಾಲ್‌ನಲ್ಲಿ ಆಸ್ಪತ್ರೆಯ ನರ್ಸ್ ಇದ್ದಳು. ರೋಗಿಗಳಲ್ಲಿ ಯಾರನ್ನು ಮೊದಲು ಕರೆಸಬೇಕು ಅಂತ ಗೊತ್ತುಮಾಡೋಕೆ ಹೀಗೆ ಮನೆಯಲ್ಲಿರುವಾಗಲೇ ವಿಚಾರಿಸುತ್ತಾರಂತೆ. ಅಮ್ಮನೇ ಹಟ ಹಿಡಿದು ತನ್ನ ಹೆಸರು ಬರೆಸಿದ್ದಳು. ಮಗ ಫೋನ್ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದ.

"ಅಜ್ಜಿ, ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?"

"ಮೆಟ್ಟಿಲು ಯಾಕೆ, ಬಟ್ಟೆ ಹಿಂಡಿದ್ರೂ ಬರುತ್ತೆ."

"ರಾತ್ರಿ ಮಲಗೋಕಾಗುತ್ತಾ?"

"ಎಲ್ಲಿ! ಗೋಡೆಗೆ ಒರಗಿ ಕೂತೇ ಬೆಳಗಾಗುತ್ತೆ. ಪಕ್ಕದಲ್ಲಿರೋರಿಗೆ ಗೊರಕೆ."

ಮಗ ಅಮ್ಮನ ಕಡೆ ತಿರುಗಿದ. ಒಂದೇ ಮನೆಯಲ್ಲಿದ್ದೂ ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ!

"ನಂಗ್ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ 'ಗ್ಯಾಸ್ ಇರ್ಬೇಕು, ಬಿಸಿನೀರು ಕುಡಿ' ಅಂತೀಯ."

ಅವನು ತಲೆ ತಗ್ಗಿಸಿದ. ಅದು ಅವನದೇ ಮಾತು.

"ಪಾದ ಊದಿದೆಯಾ ಅಜ್ಜಿ? ಸ್ವಲ್ಪ ಕ್ಯಾಮೆರಾಗೆ ತೋರಿಸಿ."

ಅಮ್ಮನ ಕಾಲಿನ ಕಡೆಗೆ ಫೋನ್ ತಿರುಗಿಸಲು ಅವನು ಬಗ್ಗಿದ. ಅಮ್ಮ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಸರಸರನೆ ಅಡುಗೆಮನೆಗೆ ನಡೆದಳು. ಚಪಾತಿ ಲಟ್ಟಿಸುತ್ತಾ ನಿಂತಿದ್ದ ಸೊಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಫೋನ್ ಹಿಡಿದಳು.

"ಸೀರೆ ಒಂಚೂರು ಎತ್ತು ವೇಣಿ, ನಿನ್ನ ಕಾಲು ನೋಡ್ಬೇಕಂತೆ."