ಗಂಟೆಯ ಸದ್ದು

ನನ್ನ ಗಂಡ ಇಡ್ರಿಸ್‌ನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಹಾಸಿಗೆ ಮಡಿಸುವಾಗ ಅವನ ದಿಂಬಿನ ಕೆಳಗೆ ತಗಡಿನ ಡಬ್ಬಿ ಸಿಕ್ಕಿತು. ಮೇಲೆ ಸದ್ದುಗಳನ್ನು ಎರವಲು ಕೊಡುವ ಊರಿನ ಪತ್ರಾಗಾರದ ಚೀಟಿ: ‘ಚರ್ಚಿನ ಗಂಟೆಯ ಸದ್ದು. ಎರಡು ವಾರಕ್ಕೆ.’

ಕಾಯಿಲೆ ಬಿದ್ದಾಗ ಮಲಗಿದಲ್ಲೇ ಕೇಳಬೇಕೆಂದು ತರಿಸಿಕೊಂಡಿದ್ದ. ನಾನು ಮರೆತೇಬಿಟ್ಟಿದ್ದೆ. ಹಾಗಾಗಿ ಅವನ ಶವಸಂಸ್ಕಾರದಲ್ಲೂ ಗಂಟೆ ಸದ್ದಿಲ್ಲದೆ ತೂಗಾಡಿತ್ತು. ಸದ್ದನ್ನು ಯಾರೋ ಎರವಲು ಒಯ್ದಿರಬೇಕು ಎಂದುಕೊಂಡು ಜನ ಸುಮ್ಮನಿದ್ದರು.

ಮುಚ್ಚಳ ತೆರೆದೆ. ಗಂಟೆ ಮೂರು ಸಲ ಹೊಡೆಯಿತು. ಅದರ ಹಿಂದೆಯೇ ಇಡ್ರಿಸ್ ಗುನುಗಿದ. ಎರವಲು ತಂದ ಸದ್ದಿಗೆ ಮನೆಯ ಸದ್ದು ಅಂಟಿಕೊಳ್ಳುತ್ತದೆ. ವಾಪಸು ಕೊಟ್ಟಾಗ ಪತ್ರಾಗಾರದವರು ಅದನ್ನು ಒರೆಸಿ ತೆಗೆಯುತ್ತಾರೆ. ಅವನ ದನಿ ಬೇರೆಲ್ಲೂ ಉಳಿದಿರಲಿಲ್ಲ. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಮಧ್ಯಾಹ್ನ ಕಿಟಕಿಯಿಂದ ಮುದುಕ ಗ್ವಿಲಿಮ್ ಕಂಡ. ಸದ್ದು ಎರವಲು ಹೋಗಿದ್ದರೂ ದಿನಾ ಗಂಟೆಯ ಹಗ್ಗ ಎಳೆಯುವುದು ಅವನ ಕೆಲಸ. ಹನ್ನೆರಡು ಸಲ ಎಳೆದ. ಪ್ರತಿ ಸಲವೂ ತಲೆಯೆತ್ತಿ ಕಾದ.

ಬೀಗ ತೆಗೆದೆ.

ಡಬ್ಬಿ ಒಯ್ದು ಕೊಟ್ಟಾಗ ಪತ್ರಾಗಾರದ ನೆಸ್ಟಮ್ಮ ಅದಕ್ಕೆ ಕಿವಿಗೊಟ್ಟರು. “ಕೊನೇಲಿ ಯಾರೋ ಗುನುಗ್ತಾರಲ್ಲ ಕೂಸೇ. ಶ್ರುತಿ ಅನ್ನೋದೇ ಇಲ್ಲ.”

“ಯಾವತ್ತೂ ಇರಲಿಲ್ಲ,” ಎಂದೆ.

ಅವರು ಒರೆಸುವ ಬಟ್ಟೆ ಎತ್ತಿಕೊಂಡರು. ಸ್ವಲ್ಪ ಹೊತ್ತು ಹಿಡಿದಿದ್ದು, ಅದರಿಂದ ತಮ್ಮ ಕನ್ನಡಕ ಒರೆಸಿಕೊಂಡರು.

“ಹಳೇ ಗಂಟೆ, ಹೀಗೇ ಇರ್ಲಿ ಬಿಡು. ನಾಳೆ ಹನ್ನೆರಡಕ್ಕೆ ಕಿಟಕಿ ತೆಗೆದಿಟ್ಟಿರು.”

ಎರವಲಿನ ಪುಸ್ತಕದಲ್ಲಿ ಇಡ್ರಿಸ್‌ನ ಹೆಸರಿನ ಮುಂದೆ ‘ವಾಪಸು ಬಂದಿದೆ’ ಎಂದು ನಾನೇ ಬರೆದೆ.