ಬಾನೆಟ್ ಎತ್ತಿದಾಗ ಏಳುವ ಗೆರೆ

ಲ್ಯಾಪ್‌ಟಾಪಿನಲ್ಲಿ ಕೆಂಪು ಗೆರೆ ಮತ್ತೆ ಎದ್ದಿತು. ಜೀಪಿನ ಸೀಟಿನಲ್ಲಿ ಕೂತಿದ್ದ ಶಾಕೀರ ಹಲ್ಲು ಕಚ್ಚಿದ.

ಜೀಪು ಕೆಂಭಾವಿಯ ಬೀರೇಶನದು, ಮಣ್ಣಿನ ರೇಸಿಗೆ ಹೋಗುವಂಥದು. ಎಂಜಿನ್ ನಡೆಸುವ ಕಂಪನಿಯ ಕಂಟ್ರೋಲರ್ ಕಿತ್ತು ಹೊರಗಿನದೊಂದನ್ನು ಕೂಡಿಸಿದವನು ಶಾಕೀರನೇ. ಎಂಜಿನ್ನಿನ ಮೈಗೆ ಬಿಗಿದ ನಾಕ್ ಸೆನ್ಸರ್ ಪ್ರತಿ ಬಡಿತವನ್ನೂ ಗೆರೆಯಾಗಿ ಪರದೆಗೆ ಕಳಿಸುತ್ತದೆ. ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಪಿಸ್ಟನ್ನಿಗೆ ಬಡಿದರೆ ಗೆರೆ ಏಳುತ್ತದೆ. ಹಾಗೇ ಬಿಟ್ಟರೆ ಪಿಸ್ಟನ್ ಒಡೆಯುತ್ತದೆ.

ಶಹಾಪುರದಲ್ಲಿ ಹೆಸರೇ ಶಾಕೀರನ ಬಂಡವಾಳ. ಒಂದು ಕಾಲಕ್ಕೆ ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದಿನಿಂದಲೇ ಅದರ ಕಾಯಿಲೆ ಹೇಳುತ್ತಿದ್ದ. ಈಗ ಲ್ಯಾಪ್‌ಟಾಪ್ ಇಲ್ಲದೆ ಬಾನೆಟ್ ಮುಟ್ಟುವುದಿಲ್ಲ. ಕಾಲ ಬದಲಾಯಿತು ಎನ್ನುತ್ತಾನೆ.

"ಸಂಜೀತನಕ ಆಗಲಿಲ್ಲಂದ್ರ ಹೈದರಾಬಾದಿಗೆ ಒಯ್ತೀನಿ ನೋಡ್ರಿ, ಶಾಕೀರ ಭಾಯಿ!" ಎಂದ ಬೀರೇಶ. ಗುಡ್ಡದಾಚೆಯ ಕುರಿಗಳನ್ನು ಕೂಗಿ ಬೆಳೆದ ಗಂಟಲು ಅವನದು.

ಶಾಕೀರನಿಗೆ ಈಚೆಗೆ ಇಂಥವರ ಮೇಲೆ ಮಾತ್ರ ನಂಬಿಕೆ. ಉಳಿದವರೆಲ್ಲ ಪಿಸುಗುಟ್ಟುವವರೇ. ಗ್ಯಾರೇಜಿನಲ್ಲಿ ಜೊತೆಗೇ ದುಡಿಯುವ ಸ್ವಂತ ತಮ್ಮ ಅಕ್ರಮ, ಹೆಂಡತಿ ತರನ್ನುಮ ಬಾಗಿಲ ಬಳಿ ನಿಂತು ತುಟಿ ಆಡಿಸುತ್ತಾರೆ. ಇವನು ತಿರುಗಿದರೆ ಸುಮ್ಮನಾಗುತ್ತಾರೆ. ಮೊನ್ನೆ ಇಬ್ಬರೂ ಸೇರಿ ಕಲಬುರಗಿಯ ಡಾಕ್ಟರ ಮಾತೆತ್ತಿದ್ದರು. "ನನಗೇನಾಗ್ಯಾದ?" ಎಂದು ಶಾಕೀರ ಗದರಿದ್ದ. ತನ್ನನ್ನು ಗ್ಯಾರೇಜಿನಿಂದ ಹೊರಗೆ ಹಾಕುವ ಉಪಾಯ ಅವನಿಗೆ ಅರ್ಥವಾಗದೆ ಇರಲಿಲ್ಲ.

ಕಿಡಿ ಹಾರುವ ಟೈಮಿಂಗ್ ಹಿಂದಕ್ಕೆ ತಂದ. ಗೆರೆ ಎದ್ದಿತು. ಪೆಟ್ರೋಲು ಬಸಿದು ಹೊಸದು ತುಂಬಿದ. ಗೆರೆ ಎದ್ದಿತು. ಟೈಮಿಂಗ್ ಇನ್ನೂ ಹಿಂದಕ್ಕೆ ತಂದ. ಎಂಜಿನ್ ದಣಿದ ಎತ್ತಿನಂತೆ ಮಂದವಾಯಿತು. ಗೆರೆ ಮಾತ್ರ ಜಗ್ಗಲಿಲ್ಲ.

ಭೀಮರಾಯನಗುಡಿಯ ತನಕ ಓಡಿಸಿ ಬಂದಾಗ ಒಂದೂ ಗೆರೆ ಇರಲಿಲ್ಲ. ಗ್ಯಾರೇಜಿಗೆ ಬಂದು ಬಾನೆಟ್ ಎತ್ತಿ ಅಕ್ರಮ ಅದರಾಚೆ ನಿಂತನೋ, ಶುರು. ಅಲ್ಲಿ ಅವನೇನು ಮಾಡುತ್ತಾನೆಂಬುದು ಸೀಟಿನಿಂದ ಕಾಣುವುದಿಲ್ಲ. ಅಣ್ಣನ ಹೆಸರು ಕೆಟ್ಟರೆ ಗಿರಾಕಿಗಳು ತಮ್ಮನ ಕಡೆ ಹೊರಳುತ್ತಾರೆ, ಅಷ್ಟೇ ತಾನೆ?

"ಅಕ್ರಮ, ಏನ್ ಮಾಡಾಕತ್ತೀಯಲೇ ಅಲ್ಲಿ?"

ಉತ್ತರ ಕೇಳಿಸಲಿಲ್ಲ. ತರನ್ನುಮ ಜೀಪಿನ ಕಿಟಕಿಯ ಬಳಿ ಬಂದಳು. ದುಪಟ್ಟಾ ಬಾಯಿಗೆ ಒತ್ತಿಕೊಂಡಿದ್ದಳು, ಕಣ್ಣುಗಳು ತುಂಬಿದ್ದವು.

"ನನ್ನ ಮುಂದ ನಾಟಕ ಬ್ಯಾಡ," ಎಂದು ಶಾಕೀರ ಮುಖ ತಿರುಗಿಸಿದ.

ಇಷ್ಟು ವರ್ಷ ಕಲಿತದ್ದೆಲ್ಲ ಮುಗಿದಿತ್ತು. ಮಾಡಲು ಇನ್ನೇನೂ ಉಳಿದಿರಲಿಲ್ಲ. ಸೋತು ಎಂಜಿನ್ ನಿಲ್ಲಿಸಿದ. ಕೀಲಿ ಪೂರ್ತಿ ತಿರುಗಿಸಿರಲಿಲ್ಲ, ಪರದೆ ಇನ್ನೂ ಬೆಳಗುತ್ತಿತ್ತು.

ಅದರಲ್ಲಿ ಎಂಜಿನ್ನಿನ ಸುತ್ತಿನ ಲೆಕ್ಕ ಸೊನ್ನೆಗಿಳಿಯಿತು.

ಕೆಂಪು ಗೆರೆ ಎದ್ದಿತು. ಮತ್ತೆ ಎದ್ದಿತು. ಉರಿಯದ ಪೆಟ್ರೋಲು ಬಡಿಯುವುದು ಹೇಗೆ?

ಶಾಕೀರ ಕೆಳಗೆ ಹಾರಿ ಬಾನೆಟ್ಟಿನ ಮುಂದಕ್ಕೆ ಓಡಿದ. ಅಕ್ರಮ ದೊಡ್ಡದೊಂದು ಪಾನಾ ಹಿಡಿದು ಎಂಜಿನ್ನಿನ ಕಬ್ಬಿಣಕ್ಕೆ ಬಲವಾಗಿ ಬಾರಿಸುತ್ತಿದ್ದ. ಕೆನ್ನೆ ತೊಯ್ದಿತ್ತು. ಅಣ್ಣನನ್ನು ಕಂಡರೂ ನಿಲ್ಲಿಸಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಕೂತವರು ಎದ್ದು ಇತ್ತ ನೋಡುತ್ತಿದ್ದರು. ಬೀರೇಶ ಮುಖ ಕಿವುಚಿದ್ದ. ತರನ್ನುಮ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

ಶಾಕೀರನಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ.