ಇನ್ನೊಂದು ಕೊಂಡಿ

ಹೆಡ್ಲಿ ಮೂರನೆಯ ಸಲವೂ ಅದರ ಮೇಲೆಯೇ ಹಾದುಹೋದ. ಕೈಯಲ್ಲಿದ್ದ ಮೆಟಲ್ ಡಿಟೆಕ್ಟರ್ ನೆಲ ಸವರುತ್ತಲೇ ಇತ್ತು, ಮುದುಕನ ಕಾಲು ಮಾತ್ರ ನಿಲ್ಲಲಿಲ್ಲ. ನಾರ್ಫೋಕ್‌ನ ಆ ಉತ್ತ ಹೊಲದ ಅಂಚಿನಲ್ಲಿ ನಿಂತಿದ್ದ ಕ್ಲಿಫ್‌ಗೆ ಚಡಪಡಿಕೆ ಹತ್ತಿತು. ಬೆಳಗ್ಗೆ ಬೇಗ ಬಂದು ಅದನ್ನು ಅಲ್ಲಿ ಹೂತವನು ಅವನೇ.

ಹೂತದ್ದು ಯಾವುದೋ ಕಾಲದ ಧರ್ಮಗ್ರಂಥವನ್ನು ಬಿಗಿದಿಡುತ್ತಿದ್ದ ಕಂಚಿನ ಕೊಂಡಿ. ಹೋದ ವಾರ ಹೊಳೆಯಾಚೆಯ ಹೊಲದಲ್ಲಿ ಕ್ಲಿಫ್‌ಗೆ ಸಿಕ್ಕಿತ್ತು. ಹೆಡ್ಲಿ ನೆಗಡಿಯೆಂದು ಮನೆಯಲ್ಲಿ ಮಲಗಿದ್ದ ದಿನ ಅದು. ಕೊಯ್ಲು ಮುಗಿದಾಗಿನಿಂದ ಹೆಡ್ಲಿಗೆ ಒಂದು ಹಳೆಯ ಕಾಸೂ ಸಿಕ್ಕಿರಲಿಲ್ಲ. ಯಂತ್ರದ ಸಣ್ಣ ಸದ್ದು ತನಗೆ ಕೇಳಿಸುತ್ತಿಲ್ಲ ಎಂದು ಒಪ್ಪಿಕೊಳ್ಳುವ ಆಸಾಮಿಯಲ್ಲ ಅವನು. ಯಂತ್ರವೇ ಕೆಟ್ಟಿದೆ, ಮಾರಿಬಿಡುತ್ತೇನೆ ಎನ್ನುತ್ತಿದ್ದ. ಹೆಂಡತಿ ಹೋದಮೇಲೆ ಅವನನ್ನು ಮನೆಯಿಂದ ಹೊರಗೆ ತರುತ್ತಿದ್ದುದು ಇದೊಂದೇ. ಇದೂ ನಿಂತರೆ ಈತ ಉಳಿಯುವುದಿಲ್ಲ ಎಂದು ಕ್ಲಿಫ್‌ಗೆ ಭಯ.

“ಗುರುವೇ, ಆ ಬಿಳೀ ಕಲ್ಲಿನ ಹತ್ರ ಒಂಚೂರು ಅಗಿ!” ಕ್ಲಿಫ್ ಅವನ ಕಿವಿಯ ಬಳಿ ಹೋಗಿ ಕೂಗಿದ.

“ಯಾಕೋ ಹಂಗೆ ಕಿರುಚ್ತೀಯ, ನಾನೇನು ಕಿವುಡನಾ? ಅಲ್ಲೇನೂ ಇಲ್ಲ.”

“ಏನೂ ಸಿಗದಿದ್ರೆ ಸಂಜೆ ಬಿಯರ್ ದುಡ್ಡು ನಂದು.”

ಬಿಯರ್ ಕೆಲಸ ಮಾಡಿತು. ಹೆಡ್ಲಿ ಗೊಣಗುತ್ತಾ ಮಂಡಿಯೂರಿದ. ಎರಡು ಹಿಡಿ ಮಣ್ಣು ತೆಗೆಯುವಷ್ಟರಲ್ಲಿ ಹಸಿರುಗಟ್ಟಿದ ಲೋಹದ ತುದಿ ಕಂಡಿತು. ಉಗುಳು ಹಚ್ಚಿ ಹೆಬ್ಬೆರಳಲ್ಲಿ ಸವರಿದ. ಪುಟ್ಟದೊಂದು ಸಿಂಹ, ಅದರ ಕೇಸರದ ಸಂದಿಯಲ್ಲಿ ಗೆರೆಯಷ್ಟು ಬಂಗಾರ. ಅವನು ಟೋಪಿ ತೆಗೆದ. ಕಣ್ಣು ತುಂಬಿ ಬಂದಿತ್ತು.

“ಪುಸ್ತಕದ ಕೊಂಡಿ ಕಣೋ! ಚಿನ್ನದ ನೀರು ಇನ್ನೂ ಹೋಗಿಲ್ಲ. ಇಂಥ ಪುಸ್ತಕ ಇತ್ತು ಅಂದ್ರೆ ಇಲ್ಲೊಂದು ಚರ್ಚೂ ಇತ್ತು. ಸೋಮವಾರವೇ ಮ್ಯೂಸಿಯಂಗೆ ತಗೊಂಡು ಹೋಗ್ತೀನಿ. ಸಿಕ್ಕಿದ್ದನ್ನೆಲ್ಲ ಬರ್ಕೊಳ್ಳೋ ಅಲ್ಲಿನ ಹುಡುಗಿ ನಕ್ಷೇಲಿ ಇಲ್ಲೇ ಚುಕ್ಕೆ ಇಡ್ಲಿ.”

ಮುದುಕನ ಮುಖ ಅರಳುವುದನ್ನಷ್ಟೇ ಕ್ಲಿಫ್ ಯೋಚಿಸಿದ್ದ, ನಕ್ಷೆಯನ್ನಲ್ಲ. “ಅಷ್ಟೇನು ಅವಸರ? ಸ್ವಲ್ಪ ದಿನ ಮನೇಲೇ ಇಟ್ಕೊ.”

“ತಲೆ ಕೆಟ್ಟಿದ್ಯಾ ನಿಂಗೆ? ಮೊದಲ್ನೇ ದಿನ ನಾನೇನು ಹೇಳ್ಕೊಟ್ಟೆ? ಸಿಕ್ಕಿದ ಜಾಗದ ಬಗ್ಗೆ ಸುಳ್ಳು ಹೇಳೋನು ಕಳ್ಳನಿಗಿಂತ ಕಡೆ. ವಸ್ತು ಹೋದ್ರೆ ಹೋಯ್ತು, ಜಾಗ ಹೋದ್ರೆ ಏನುಳೀತು?” ಹೆಡ್ಲಿ ಕೊಂಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಎದೆಯ ಜೇಬಿಗಿಳಿಸಿದ. “ಒಂದು ಪುಸ್ತಕಕ್ಕೆ ಎರಡು ಕೊಂಡಿ. ಇನ್ನೊಂದೂ ಇಲ್ಲೇ ಎಲ್ಲೋ ಬಿದ್ದಿದೆ. ಅದನ್ನ ಹುಡುಕದೆ ನಾನು ಸಾಯಲ್ಲ!”

“ಮತ್ತೆ ಯಂತ್ರ ಮಾರ್ತೀನಿ ಅಂದಿದ್ಯಲ್ಲ?”

“ಯಾವನೋ ಅವನು ಹಂಗಂದೋನು?”

ಹೆಡ್‌ಫೋನ್ ಏರಿಸಿಕೊಂಡು ಅವನು ಹೊರಟೇಬಿಟ್ಟ. ಬೆನ್ನು ನೆಟ್ಟಗಾಗಿತ್ತು. ಕ್ಲಿಫ್ ಬಯಸಿದ್ದು ಇದನ್ನೇ, ಆದರೂ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಣ್ಣಿನ ಹೆಂಟೆಗಳ ಮೇಲೆ ಎಡವುತ್ತಾ ಹಿಂದೆ ಓಡಿದ.

“ಹೆಡ್ಲಿ! ಅದನ್ನ ಹೂತಿದ್ದು ನಾನು!”

ಎದುರು ಗಾಳಿ. ಹೆಡ್ಲಿ ತಿರುಗಲಿಲ್ಲ.

“ಇಲ್ಲಿ ಏನೂ ಇಲ್ಲ ಕಣಪ್ಪಾ! ನಾನೇ ಹೂತಿದ್ದು! ನಾನೇ!”

ಹೆಡ್ಲಿ ಗಕ್ಕನೆ ನಿಂತು ತಿರುಗಿದ. ಮುಖದ ತುಂಬ ನಗು. “ಬಾರೋ, ಬಾ! ಸದ್ದು ಬಂತು! ಒಳ್ಳೇ ಸದ್ದು!” ಎಂದವನೇ ಯಂತ್ರ ಪಕ್ಕಕ್ಕಿಟ್ಟು ಎರಡೂ ಕೈಯಲ್ಲಿ ಮಣ್ಣು ತೋಡತೊಡಗಿದ.

ಕ್ಲಿಫ್ ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ನಿಂತ. ಹೆಡ್‌ಫೋನಿನ ತಂತಿ ಯಂತ್ರದಿಂದ ಯಾವಾಗಲೋ ಕಳಚಿ ಕೆಸರು ಮೆತ್ತಿಕೊಂಡಿತ್ತು. ತಂತಿ ಕಳಚಿದ್ದಾಗ ಲೋಹ ಸಿಕ್ಕರೆ ಯಂತ್ರ ಇಡೀ ಹೊಲಕ್ಕೆ ಕೇಳುವಂತೆ ಕೂಗಬೇಕು. ಕ್ಲಿಫ್‌ಗೆ ಒಂದು ಸದ್ದೂ ಕೇಳಿರಲಿಲ್ಲ; ಅದು ತೆಪ್ಪಗೆ ಬಿದ್ದಿತ್ತು.